ಯಾರ ರಕ್ತ, ಯಾವಾಗ ತೆಗೆದದ್ದು

ಉಂಡದ್ದು ಅರಗುವ, ಸುಡುವ, ಮತ್ತೆ ಮೈಯಾಗಿ ಕಟ್ಟಿಕೊಳ್ಳುವ ಕೆಲಸ ದೇಹದ ಪ್ರತಿ ಜೀವಕೋಶದಲ್ಲೂ ಎಡೆಬಿಡದೆ ನಡೆದಿರುತ್ತದೆ. ಆ ಕೆಲಸದ ನಡುವೆ ಹುಟ್ಟುವ, ಬಳಕೆಯಾಗುವ, ಹೊರಬೀಳುವ ಸಣ್ಣ ಅಣುಗಳಿಗೆ ಮೆಟಬೊಲೈಟ್ ಎಂದು ಹೆಸರು. ಸಕ್ಕರೆ ಬೇನೆಯವರು ಆಗಾಗ ನೋಡಿಸಿಕೊಳ್ಳುವ ಗ್ಲೂಕೋಸ್ ಒಂದು ಮೆಟಬೊಲೈಟ್. ಮೂತ್ರಪಿಂಡದ ಪರೀಕ್ಷೆಯಲ್ಲಿ ಕಾಣುವ ಕ್ರಿಯಾಟಿನಿನ್ ಇನ್ನೊಂದು. ಅಮೈನೋ ಆಮ್ಲಗಳು, ಕೊಬ್ಬಿನ ತುಣುಕುಗಳು, ಸ್ಟೆರಾಯ್ಡ್ ಹಾರ್ಮೋನುಗಳು, ಕರುಳಿನ ಬ್ಯಾಕ್ಟೀರಿಯಾ ತಯಾರಿಸಿ ರಕ್ತಕ್ಕೆ ಬಿಡುವ ವಸ್ತುಗಳು, ಎಲ್ಲವೂ ಇದೇ ಕುಲ. ಮೊದಲು ಇವನ್ನು ಒಂದೊಂದಾಗಿ ಅಳೆಯಬೇಕಿತ್ತು. ಮಾಸ್ ಸ್ಪೆಕ್ಟ್ರೋಮೀಟರ್ ಮತ್ತು ಎನ್‌ಎಂಆರ್ ಯಂತ್ರಗಳು ಬಂದ ಮೇಲೆ ಒಂದೇ ಮಾದರಿಯಲ್ಲಿ ನೂರಾರನ್ನು ಒಟ್ಟಿಗೆ ಅಳೆಯುವುದು ಸಾಧ್ಯವಾಯಿತು. ಅದರ ಬೆನ್ನಿಗೇ ಒಂದು ಆಸೆಯೂ ಹುಟ್ಟಿತು: ಎದೆಯ ಗಂಟು ಕೈಗೆ ಸಿಗುವುದಕ್ಕೆ ಎಷ್ಟೋ ವರ್ಷ ಮೊದಲೇ ರಕ್ತ ಅದರ ಸುಳಿವು ಕೊಟ್ಟೀತೆ?

ಈ ಪ್ರಶ್ನೆಗೆ ಇಂದು ಸಿಗುವ ಉತ್ತರಗಳಲ್ಲಿ ಬಹುಪಾಲು ಯುರೋಪು ಮತ್ತು ಅಮೆರಿಕದ ಹೆಂಗಸರ ರಕ್ತದಿಂದ ಬಂದವು. ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಎರೆಹೊಲದಲ್ಲಿ ಹತ್ತಿ ಬಿಡಿಸುವ, ಕಿತ್ತೂರು ಸೀಮೆಯ ಕಬ್ಬಿನ ಗದ್ದೆಯಲ್ಲಿ ದುಡಿಯುವ, ಸವದತ್ತಿಯಲ್ಲಿ ಜೋಳ ಕೊಯ್ಯುವ, ರಾಮದುರ್ಗದಲ್ಲಿ ಮಗ್ಗದ ಕೆಲಸಕ್ಕೆ ಕೈಗೂಡಿಸುವ ಹೆಂಗಸಿನ ರಕ್ತ ಆ ಲೆಕ್ಕದಲ್ಲಿ ಇಲ್ಲ. ಅಲ್ಲಿಯ ಉತ್ತರವನ್ನು ಇಲ್ಲಿಗೆ ಹಾಗೆಯೇ ತಂದು ಹಚ್ಚಬಹುದೇ ಎಂಬುದು ಬರಿಯ ಅಭಿಮಾನದ ಮಾತಲ್ಲ, ವಿಜ್ಞಾನದ ಒಳಗಿನ ಪ್ರಶ್ನೆ. ಯಾರ ರಕ್ತ, ಅದನ್ನು ಯಾವಾಗ ತೆಗೆದದ್ದು ಎಂಬ ಎರಡನ್ನು ಬಿಟ್ಟರೆ ಈ ವಿಷಯದಲ್ಲಿ ಅಂಕಿಗಳಿಗೆ ಅರ್ಥವೇ ಉಳಿಯುವುದಿಲ್ಲ.

ಯಾವಾಗ ಎಂಬುದನ್ನು ಮೊದಲು ನೋಡಬೇಕು. ಆಸ್ಪತ್ರೆಗೆ ಗಂಟು ಹೊತ್ತು ಬಂದ ನೂರು ಹೆಂಗಸರ ರಕ್ತವನ್ನೂ ಆರೋಗ್ಯವಂತ ನೂರು ಹೆಂಗಸರ ರಕ್ತವನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣದೆ ಇರದು. ಆದರೆ ಆ ವ್ಯತ್ಯಾಸ ರೋಗದ ಕಾರಣವೋ ಪರಿಣಾಮವೋ ಹೇಳಲಾಗದು. ಗಡ್ಡೆಯೂ ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳನ್ನು ತಿಂದೇ ಬೆಳೆಯುತ್ತದೆ. ರೋಗಿಗೆ ಹಸಿವು ಕುಂದಿರುತ್ತದೆ, ನಿದ್ದೆ ಕೆಟ್ಟಿರುತ್ತದೆ, ಔಷಧ ಶುರುವಾಗಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಬೀದಿಯಲ್ಲಿ ಬಿದ್ದದ್ದನ್ನು ಎಣಿಸಿ ಕಳ್ಳರು ಯಾವ ದಾರಿಯಿಂದ ಬಂದರೆಂದು ಹೇಳಹೊರಟ ಹಾಗೆ ಅದು. ಅಪಾಯ ತಿಳಿಯಬೇಕಾದರೆ ಕ್ರಮ ತಿರುಗಬೇಕು. ಸಾವಿರಾರು ಆರೋಗ್ಯವಂತರ ರಕ್ತ ತೆಗೆದು ಆಳ ಶೀತದಲ್ಲಿಟ್ಟು, ಹತ್ತು ಹದಿನೈದು ವರ್ಷ ಕಾದು, ಮುಂದೆ ಯಾರಿಗೆ ರೋಗ ಬಂತೋ ಅವರ ಹಳೆಯ ಮಾದರಿಯನ್ನು, ಅದೇ ವಯಸ್ಸಿನ ರೋಗ ಬಾರದವರ ಮಾದರಿಯೊಂದಿಗೆ ಹೋಲಿಸಬೇಕು.

ಈ ಬಗೆಯ ಸಂಗ್ರಹಗಳಲ್ಲಿ ಯುರೋಪಿನ ಎಪಿಕ್ ದೊಡ್ಡದು. 1992ರಿಂದ 2000ದ ನಡುವೆ ಹತ್ತು ದೇಶಗಳ ಐದು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಸೇರಿದರು. ಅವರ ರಕ್ತದ ದೊಡ್ಡ ಪಾಲು ಫ್ರಾನ್ಸಿನ ಲಿಯೋನ್ ನಗರದಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಉಳಿಯಿತು. 2019ರಲ್ಲಿ ಪ್ರಕಟವಾದ ಅದರ ಒಂದು ವಿಶ್ಲೇಷಣೆ, ಮುಂದೆ ಸ್ತನ ಕ್ಯಾನ್ಸರ್ ಬಂದ 1,624 ಹೆಂಗಸರನ್ನು ಅಷ್ಟೇ ಸಂಖ್ಯೆಯ ಜೋಡಿಗಳೊಂದಿಗೆ ಹೋಲಿಸಿ 127 ಮೆಟಬೊಲೈಟ್‌ಗಳನ್ನು ಪರಿಶೀಲಿಸಿತು. ಹಾರ್ಮೋನು ಮಾತ್ರೆ ತೆಗೆದುಕೊಳ್ಳದವರಲ್ಲಿ ಅಸಿಟೈಲ್‌ಕಾರ್ನಿಟಿನ್ ಹೆಚ್ಚಿದ್ದಷ್ಟು ಅಪಾಯ ತುಸು ಹೆಚ್ಚು. ಆರ್ಜಿನಿನ್, ಅಸ್ಪರಜಿನ್ ಎಂಬ ಅಮೈನೋ ಆಮ್ಲಗಳು ಮತ್ತು ಕೆಲವು ಫಾಸ್ಫಟಿಡೈಲ್‌ಕೋಲಿನ್ ಕೊಬ್ಬುಗಳು ಹೆಚ್ಚಿದ್ದಷ್ಟು ಅಪಾಯ ಕಡಿಮೆ. ಏರಿಳಿತವೆಲ್ಲ ಶೇಕಡ ಹತ್ತರಿಂದ ಇಪ್ಪತ್ತರ ಆಸುಪಾಸಿನದು. ಇಷ್ಟು ಸಣ್ಣ ವ್ಯತ್ಯಾಸವನ್ನು ನಂಬುವಂತಾಗುವುದು ಸಂಖ್ಯೆ ದೊಡ್ಡದಿದ್ದಾಗ ಮಾತ್ರ. 127 ಪರೀಕ್ಷೆ ಮಾಡಿದರೆ ಬರಿಯ ಆಕಸ್ಮಿಕವಾಗಿಯೇ ಆರೇಳು ವಸ್ತುಗಳು ನೂರಕ್ಕೆ ಐದರ ಗೆರೆ ದಾಟಿ ಮಹತ್ವದವೆಂಬಂತೆ ತೋರುತ್ತವೆ. ಅದಕ್ಕಾಗಿ ಲೆಕ್ಕವನ್ನು ಬಿಗಿ ಮಾಡಬೇಕಾಗುತ್ತದೆ, ಎಪಿಕ್‌ನವರು ಮಾಡಿದ್ದಾರೆ.

ತೊಡಕು ಇರುವುದು ಪಕ್ಕದ ಮನೆಯ ಲೆಕ್ಕದಲ್ಲಿ. ಫ್ರಾನ್ಸಿನದೇ ಸುವಿಮ್ಯಾಕ್ಸ್ ಎಂಬ ಇನ್ನೊಂದು ಸಂಗ್ರಹದಲ್ಲಿ ಮುಂದೆ ರೋಗ ಬಂದ 206 ಹೆಂಗಸರನ್ನು ನೋಡಿದಾಗ ಆರ್ಜಿನಿನ್ ಹೆಚ್ಚಿದ್ದವರಲ್ಲೇ ಅಪಾಯ ಹೆಚ್ಚು ಕಂಡಿತು. ಅದೇ ಅಣು, ರೋಗಕ್ಕೆ ವರ್ಷಗಳ ಮೊದಲೇ ತೆಗೆದ ರಕ್ತ, ಉತ್ತರ ಮಾತ್ರ ತಿರುಗುಮುರುಗು. ಫ್ರಾನ್ಸಿನ ಶಿಕ್ಷಣ ಇಲಾಖೆಯ ವಿಮೆಗೆ ಸೇರಿದ ಹೆಂಗಸರ ಇ3ಎನ್ ಎಂಬ ಸಂಗ್ರಹದಲ್ಲಿ ಮುಟ್ಟು ನಿಲ್ಲದವರಲ್ಲಿ ಕೆಲವು ನಂಟುಗಳು ಕಂಡವು, ಮುಟ್ಟು ನಿಂತವರಲ್ಲಿ ಏನೂ ಕಾಣಲಿಲ್ಲ. ವಿಜ್ಞಾನ ಸೋತಿತೆಂದು ಇದರ ಅರ್ಥವಲ್ಲ. ಸ್ತನ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ, ಹಾರ್ಮೋನಿನಿಂದ ಬೆಳೆಯುವ ಗಡ್ಡೆ ಬೇರೆ, ಯಾವ ಹಾರ್ಮೋನಿಗೂ ಸ್ಪಂದಿಸದ ಗಡ್ಡೆ ಬೇರೆ. ರಕ್ತವೂ ಒಂದೇ ಸ್ಥಿತಿಯದಲ್ಲ. ಸಣ್ಣ ನಂಟನ್ನು ಹುಡುಕಿ ಹೊರಟಾಗ ಈ ಎರಡರ ಏರುಪೇರೇ ನಂಟಿಗಿಂತ ದೊಡ್ಡದಾಗಿಬಿಡುತ್ತದೆ.

ರಕ್ತದ ಚಂಚಲತೆಯನ್ನು ಕೈಗೆ ಹತ್ತಿರದ ಉದಾಹರಣೆಯಿಂದಲೇ ತಿಳಿಯಬಹುದು. ಅಸಿಟೈಲ್‌ಕಾರ್ನಿಟಿನ್ ಕೊಬ್ಬು ಸುಡುವ ಕೆಲಸದ ಜೊತೆಗಾರ. ಹೊಟ್ಟೆ ಖಾಲಿಯಿದ್ದಾಗ, ಮೈ ಬಳಲಿದಾಗ ಅದು ಏರುತ್ತದೆ. ಶ್ರಾವಣ ಸೋಮವಾರದ ಉಪವಾಸದ ಸಂಜೆ, ಅಥವಾ ಬನದ ಹುಣ್ಣಿಮೆಗೆ ಬರಿಹೊಟ್ಟೆಯಲ್ಲಿ ಎಲ್ಲಮ್ಮನ ಗುಡ್ಡ ಹತ್ತಿ ನಿಂತ ಹೊತ್ತಿನಲ್ಲಿ ತೆಗೆದ ರಕ್ತಕ್ಕೂ ರೊಟ್ಟಿ ಉಂಡು ಎರಡು ತಾಸಾದ ಮೇಲೆ ತೆಗೆದ ರಕ್ತಕ್ಕೂ ಅಂತರವಿರುತ್ತದೆ. ಆ ಅಂತರಕ್ಕೂ ಕ್ಯಾನ್ಸರಿಗೂ ಏನೂ ಸಂಬಂಧವಿಲ್ಲ. ಇನ್ನು ಸೂಜಿಯಿಂದ ಹೊರಬಂದ ಮೇಲೂ ರಕ್ತ ಸುಮ್ಮನಿರುವುದಿಲ್ಲ. ಕೆಂಪು ಕಣಗಳನ್ನು ಬೇರ್ಪಡಿಸದೆ ಕೊಳವೆಯಲ್ಲಿ ಬಿಟ್ಟರೆ ಅವು ಗ್ಲೂಕೋಸನ್ನು ತಾಸಿಗೆ ಶೇಕಡ ಐದಾರರಷ್ಟು ತಿನ್ನುತ್ತಾ ಹೋಗುತ್ತವೆ, ಲ್ಯಾಕ್ಟೇಟ್ ಏರುತ್ತದೆ. ಕಣಗಳು ಒಡೆದರೆ ಅವುಗಳೊಳಗಿನ ಆರ್ಜಿನೇಸ್ ಎಂಬ ಕಿಣ್ವ ಆರ್ಜಿನಿನ್ನನ್ನು ಆರ್ನಿಥಿನ್ ಆಗಿ ಮಾರ್ಪಡಿಸುತ್ತದೆ. ರಾಮದುರ್ಗದಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಬೇಸಿಗೆಯಲ್ಲಿ ಆ ದಾರಿ ಹಿಡಿದ ಕೊಳವೆಯೊಂದರಲ್ಲಿ ಕಡೆಗೆ ಅಳೆದು ಸಿಗುವ ಆರ್ಜಿನಿನ್ ಹೆಂಗಸಿನ ದೇಹದ್ದಷ್ಟೇ ಅಲ್ಲ, ಬಸ್ಸಿನದೂ ಆಗಿರುತ್ತದೆ.

ಹಾಗಂತ ಎಲ್ಲವೂ ಮಸುಕಲ್ಲ. ರಕ್ತದ ಒಂದು ಗುಂಪಿನ ಅಣುಗಳ ಬಗ್ಗೆ ಸಂಶಯ ಉಳಿದಿಲ್ಲ: ಈಸ್ಟ್ರೋಜನ್ ಮತ್ತು ಅದರ ಮೂಲವಸ್ತುಗಳು. 2002ರಲ್ಲಿ, ರೋಗಕ್ಕೆ ಮೊದಲೇ ರಕ್ತ ತೆಗೆದಿಟ್ಟ ಒಂಬತ್ತು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಅತಿ ಹೆಚ್ಚಿದ್ದ ಐದನೇ ಒಂದು ಪಾಲಿನವರಿಗೆ, ಅತಿ ಕಡಿಮೆಯಿದ್ದವರ ಎರಡರಷ್ಟು ಅಪಾಯವಿತ್ತು. ಇದರ ಯಂತ್ರವೂ ಗೊತ್ತಿರುವಂಥದು. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾಗುತ್ತದೆ. ಆಮೇಲಿನ ಈಸ್ಟ್ರೋಜನ್ ತಯಾರಾಗುವುದು ಮೈಯ ಕೊಬ್ಬಿನಲ್ಲಿ, ಅರೋಮಟೇಸ್ ಎಂಬ ಕಿಣ್ವದಿಂದ. ಸೊಂಟದ ಸುತ್ತ ಕೊಬ್ಬು ತುಂಬಿದಂತೆ ಇನ್ಸುಲಿನ್ ಏರುತ್ತದೆ, ಈಸ್ಟ್ರೋಜನ್ನನ್ನು ಕಟ್ಟಿಹಿಡಿಯುವ ಪ್ರೋಟೀನು ಇಳಿಯುತ್ತದೆ, ಬಿಡಿ ಹಾರ್ಮೋನು ಇನ್ನಷ್ಟು ಹೆಚ್ಚುತ್ತದೆ. 2018ರಲ್ಲಿ ಅಮೆರಿಕದ ಒಂದು ಅಧ್ಯಯನ ದಪ್ಪಮೈಯ ಜೊತೆ ಬರುವ ಮೆಟಬೊಲೈಟ್‌ಗಳನ್ನೇ ಹಿಡಿದು ಹೋದಾಗ, ರೋಗದೊಂದಿಗೂ ನಂಟು ತೋರಿದವುಗಳಲ್ಲಿ ಒಂದು ಸ್ಟೆರಾಯ್ಡ್ ಕುಲದ್ದು, ಉಳಿದವು ಹೆಚ್ಚಾಗಿ ಅಮೈನೋ ಆಮ್ಲಗಳ ಒಡೆತದಿಂದ ಬಂದವು. ನೂರಾರು ಹೆಸರುಗಳ ಹಿಂದೆ ಕಡೆಗೆ ಕಾಣುವುದು ಹಳೆಯ ಪರಿಚಯದ ಮುಖವೇ: ಕೊಬ್ಬು, ಇನ್ಸುಲಿನ್, ಹಾರ್ಮೋನು.

ಇಲ್ಲಿ ಭಾರತದ ಹೆಂಗಸರ ಲೆಕ್ಕ ಬೇರೆಯಾಗತೊಡಗುತ್ತದೆ. ಪಶ್ಚಿಮದ ಅಧ್ಯಯನಗಳಲ್ಲಿ ಮುಟ್ಟು ನಿಲ್ಲುವ ಮೊದಲು ಮೈತೂಕ ಹೆಚ್ಚಿದ್ದರೆ ಅಪಾಯ ಸ್ವಲ್ಪ ಕಡಿಮೆ, ನಿಂತ ಮೇಲೆ ಹೆಚ್ಚು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೊಂಟದ ಬೊಜ್ಜು ಮುಟ್ಟು ನಿಲ್ಲುವ ಮುಂಚೆಯೂ ಆಮೇಲೂ, ಗಡ್ಡೆ ಯಾವ ಬಗೆಯದೇ ಇರಲಿ, ಅಪಾಯ ಹೆಚ್ಚಿಸಿತ್ತು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಮೈಯನ್ನೇ ಅಳೆದು ತೋರಿಸಿದ್ದು ಇದಕ್ಕೆ ಹೊಂದುತ್ತದೆ. ಎತ್ತರಕ್ಕೆ ಹೊಂದಿಸಿದ ತೂಕದ ಅಳತೆಯಾದ ಬಿಎಂಐ ಇಬ್ಬರದೂ ಒಂದೇ, 22.3. ಯುಡ್ಕಿನ್‌ರ ಮೈಯಲ್ಲಿ ಕೊಬ್ಬು ಶೇಕಡ 9.1, ಯಾಜ್ಞಿಕರ ಮೈಯಲ್ಲಿ 21.2. ತೂಕದ ಕಾಟಾದ ಮೇಲೆ ಸಣಕಲಾಗಿ ಕಾಣುವ ಹೆಂಗಸಿನ ಒಳಗೆ ಬೊಜ್ಜಿನವರ ರಕ್ತ ಹರಿಯುತ್ತಿರಬಹುದು. ಅದರ ಜೊತೆಗೆ, ಭಾರತದಲ್ಲಿ ಸ್ತನ ಕ್ಯಾನ್ಸರ್ ಪಶ್ಚಿಮಕ್ಕಿಂತ ಸುಮಾರು ಒಂದು ದಶಕ ಮೊದಲೇ ಬರುತ್ತದೆ. ಯಾವ ಹಾರ್ಮೋನಿಗೂ ಸ್ಪಂದಿಸದ, ಹರ್2 ಪ್ರೋಟೀನೂ ಹೆಚ್ಚಿರದ, ಟ್ರಿಪಲ್ ನೆಗೆಟಿವ್ ಎನ್ನಲಾಗುವ ಗಡ್ಡೆಗಳ ಪಾಲು ಅಲ್ಲಿ ಶೇಕಡ 10-15 ಇದ್ದರೆ ಇಲ್ಲಿ ಕಾಲುಭಾಗದಷ್ಟು. ಲಿಯೋನ್‌ನ ರಕ್ತದಿಂದ ಹೊಸೆದ ಸೂತ್ರ ಇಲ್ಲಿಯ ರೋಗಕ್ಕೆ ಒಪ್ಪದಿರಲು ಇಷ್ಟು ಕಾರಣ ಸಾಕು.

ಊಟದ ಎಣ್ಣೆಯೂ ಒಂದು ಕಾರಣ. ಫಾಸ್ಫಟಿಡೈಲ್‌ಕೋಲಿನ್‌ಗಳಲ್ಲಿ ಯಾವ ಕೊಬ್ಬಿನ ಆಮ್ಲ ಸೇರಿಕೊಂಡಿದೆ ಎಂಬುದರಲ್ಲಿ ಉಂಡ ಎಣ್ಣೆಯ ಗುರುತಿರುತ್ತದೆ. ಈ ಸೀಮೆಯಲ್ಲಿ ಗಾಣದ ಕುಸುಬಿ ಎಣ್ಣೆ ಮನೆಮನೆಯ ಎಣ್ಣೆಯಾಗಿತ್ತು. ಅದರಲ್ಲಿ ಮುಕ್ಕಾಲು ಪಾಲು ಲಿನೊಲೆಯಿಕ್ ಆಮ್ಲ. ಅದರ ಜಾಗಕ್ಕೆ ಪಾಕೀಟಿನ ಪಾಮ್ ಎಣ್ಣೆ ಬಂದಿದೆ, ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಅತ್ತೆಯ ರಕ್ತದ ಕೊಬ್ಬಿನ ನಕ್ಷೆಯೂ ಸೊಸೆಯದೂ ಒಂದೇ ಮನೆಯಲ್ಲಿ ಬೇರೆಯಾಗಿರಲು ಸಾಧ್ಯ. ಹೀಗಿರುವಾಗ ಆಲಿವ್ ಎಣ್ಣೆಯ ಇಟಲಿಯವರೂ ಬೆಣ್ಣೆಯ ಡೆನ್ಮಾರ್ಕಿನವರೂ ಕೂಡಿದ ಸರಾಸರಿಯಿಂದ ಯಾರ ಅಪಾಯ ಓದುವುದು?

ಉತ್ತರ ಕರ್ನಾಟಕದ ಅಡುಗೆಮನೆಯಲ್ಲೇ ಈ ವಾದಕ್ಕೆ ಸಿಗುವ ಅತ್ಯುತ್ತಮ ಸಾಕ್ಷಿ ಅಗಸಿ ಹಿಂಡಿ. ಹುರಿದು, ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ, ರೊಟ್ಟಿಯ ಮಗ್ಗುಲಲ್ಲಿ ಇಡುವ ಈ ಪುಡಿಯಲ್ಲಿ ಲಿಗ್ನಾನ್ ಎಂಬ ವಸ್ತುಗಳು ಬೇರಾವ ಆಹಾರಕ್ಕಿಂತಲೂ ಹೆಚ್ಚು. ಕುಟ್ಟುವುದೂ ಮುಖ್ಯ, ಇಡಿ ಅಗಸಿಯ ಗಟ್ಟಿ ಸಿಪ್ಪೆ ಹೊಟ್ಟೆಯಲ್ಲಿ ಒಡೆಯದೆ ಹೋಗಬಹುದು. ಲಿಗ್ನಾನ್ ದೊಡ್ಡ ಕರುಳಿಗೆ ತಲುಪಿದಾಗ ಅಲ್ಲಿಯ ಬ್ಯಾಕ್ಟೀರಿಯಾ ಅದನ್ನು ಎಂಟರೊಲ್ಯಾಕ್ಟೋನ್ ಆಗಿ ಮಾರ್ಪಡಿಸುತ್ತವೆ, ಅದು ರಕ್ತಕ್ಕೆ ಸೇರುತ್ತದೆ. ಮನುಷ್ಯರ ಮೂತ್ರದಲ್ಲಿ ಇದನ್ನು ಮೊದಲು ಗುರುತಿಸಿದ್ದು 1980ರಲ್ಲಿ. ಅದರ ರಚನೆ ಈಸ್ಟ್ರೋಜನ್ನನ್ನು ದೂರದಿಂದ ಹೋಲುವುದರಿಂದ ಅದು ಹಾರ್ಮೋನಿನ ಜಾಗಕ್ಕೆ ಅಡ್ಡ ಕೂತು ಸ್ತನವನ್ನು ಕಾಯಬಹುದೆಂಬ ಊಹೆ ಹುಟ್ಟಿತು.

2001ರಲ್ಲಿ ಫಿನ್‌ಲೆಂಡಿನ ಅಧ್ಯಯನವೊಂದು ಊಹೆ ನಿಜವೆಂಬಂತೆ ತೋರಿಸಿತು: ಎಂಟರೊಲ್ಯಾಕ್ಟೋನ್ ಹೆಚ್ಚಿದ್ದವರಲ್ಲಿ ಸ್ತನ ಕ್ಯಾನ್ಸರ್ ಅರ್ಧಕ್ಕಿಂತ ಕಡಿಮೆ. ಆದರೆ ಅಲ್ಲಿ ಹೋಲಿಸಿದ್ದು ರೋಗ ಆಗಲೇ ಇದ್ದವರನ್ನು. ಅದೇ ಫಿನ್‌ಲೆಂಡಿನಲ್ಲಿ, ರೋಗಕ್ಕೆ ವರ್ಷಗಳ ಮೊದಲೇ ತೆಗೆದಿಟ್ಟ ರಕ್ತವನ್ನು ನೋಡಿದ 2004ರ ಅಧ್ಯಯನದಲ್ಲಿ ಯಾವ ನಂಟೂ ಸಿಗಲಿಲ್ಲ. ಡೆನ್ಮಾರ್ಕಿನಲ್ಲಿ ರಕ್ಷಣೆ ಕಂಡದ್ದು ಮುಖ್ಯವಾಗಿ ಹಾರ್ಮೋನಿಗೆ ಸ್ಪಂದಿಸದ ಗಡ್ಡೆಗಳಲ್ಲಿ, ಅಂದರೆ ಊಹೆ ಹೇಳಿದ್ದಕ್ಕೆ ಬೇರೆಯದೇ ಜಾಗದಲ್ಲಿ. ಜರ್ಮನಿಯಲ್ಲಿ, ರೋಗ ಬಂದಾಗಿದ್ದ ಮುಟ್ಟು ನಿಂತ ಹೆಂಗಸರಲ್ಲಿ ಎಂಟರೊಲ್ಯಾಕ್ಟೋನ್ ಹೆಚ್ಚಿದ್ದವರು ಹೆಚ್ಚು ಕಾಲ ಬದುಕಿದರು. ಈ ನಾಲ್ಕೂ ರೈ ರೊಟ್ಟಿ, ಗೋಧಿ ಬ್ರೆಡ್ಡಿನ ನಾಡುಗಳ ಮಾತು. ಅಗಸಿ, ಎಳ್ಳು, ಇಡಿ ಜೋಳ ದಿನವೂ ತಿನ್ನುವವರ ರಕ್ತದಲ್ಲಿ ಈ ಅಣುವಿನ ಮಟ್ಟ ಅಲ್ಲಿಯವರ ವ್ಯಾಪ್ತಿಯ ಮೇಲಂಚಿನಲ್ಲೋ ಅದರಾಚೆಗೋ ಇರುವ ಸಾಧ್ಯತೆ ಇದೆ. ಕಡಿಮೆ ತಿನ್ನುವವರ ನಡುವಿನ ಸಣ್ಣ ಅಂತರವನ್ನು ಹೋಲಿಸಿ ಪರಿಣಾಮವಿಲ್ಲ ಎಂದರೆ, ಹೆಚ್ಚು ತಿನ್ನುವವರ ವಿಷಯದಲ್ಲಿ ಅದು ಏನನ್ನೂ ಹೇಳಿದಂತಾಗುವುದಿಲ್ಲ.

ಇನ್ನೊಂದು ಸಂಗತಿ ಇದೆ. ಆಂಟಿಬಯೋಟಿಕ್ ಗುಳಿಗೆ ನುಂಗಿದರೆ ಎಂಟರೊಲ್ಯಾಕ್ಟೋನ್ ಇಳಿಯುತ್ತದೆಂಬುದನ್ನೂ ಫಿನ್‌ಲೆಂಡಿನವರೇ ತೋರಿಸಿದ್ದಾರೆ, ಅದನ್ನು ಮಾಡುವ ಬ್ಯಾಕ್ಟೀರಿಯಾವೇ ಸತ್ತಿರುತ್ತವೆ. ನೆಗಡಿ ಜ್ವರಕ್ಕೂ ಚೀಟಿಯಿಲ್ಲದೆ ಆಂಟಿಬಯೋಟಿಕ್ ಸಿಗುವ ಊರುಗಳಲ್ಲಿ ಅಗಸಿ ತಿಂದದ್ದಕ್ಕೂ ರಕ್ತದಲ್ಲಿ ಸಿಕ್ಕಿದ್ದಕ್ಕೂ ತಾಳೆಯಾಗದಿದ್ದರೆ ಆಶ್ಚರ್ಯವಿಲ್ಲ. ಅಗಸಿ ಹಿಂಡಿ ಕ್ಯಾನ್ಸರ್ ತಡೆಯುತ್ತದೆ ಎಂದು ಸಾರುವ ವಾಟ್ಸಪ್ ಸಂದೇಶಗಳಿಗೂ, ಹಳೆಯ ಊಟದಲ್ಲಿ ಏನೂ ಇಲ್ಲ ಎನ್ನುವವರಿಗೂ ಇದೇ ಉತ್ತರ: ಈ ಪ್ರಶ್ನೆಯನ್ನು ಕೇಳಲು ಸರಿಯಾದ ಜಾಗ ಇದು, ಸರಿಯಾದ ರಕ್ತ ಇನ್ನೂ ಶೀತದಲ್ಲಿ ಇಟ್ಟಿಲ್ಲ.

ಕಾಲದ ಪ್ರಶ್ನೆ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದಕ್ಕೆ ಹತ್ತಿಯ ನಾಡಿಗೆ ಹತ್ತಿರದ ಇನ್ನೊಂದು ಉದಾಹರಣೆ ಡಿಡಿಟಿ ಎಂಬ ಕೀಟನಾಶಕ. ದೇಹದೊಳಗೆ ಅದು ಡಿಡಿಇ ಎಂಬ ಮೆಟಬೊಲೈಟ್ ಆಗಿ ಕೊಬ್ಬಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. 1993ರಲ್ಲಿ ನ್ಯೂಯಾರ್ಕ್‌ನ ಅಧ್ಯಯನವೊಂದು, ರಕ್ತ ಕೊಟ್ಟು ಮುಂದೆ ರೋಗ ಬಂದ 58 ಹೆಂಗಸರನ್ನು ನೋಡಿ, ಡಿಡಿಇ ಹೆಚ್ಚಿದ್ದವರಿಗೆ ನಾಲ್ಕು ಪಟ್ಟು ಅಪಾಯವೆಂದಿತು. ದೊಡ್ಡ ಸುದ್ದಿಯಾಯಿತು. 1997ರಲ್ಲಿ ಅಮೆರಿಕದ ನರ್ಸುಗಳ ಅಧ್ಯಯನ 240 ರೋಗಿಗಳ ಹಳೆಯ ರಕ್ತ ತೆಗೆದು ನೋಡಿದರೆ ಏನೂ ಇಲ್ಲ. ಕತೆ ಮುಗಿಯಿತೆಂದುಕೊಂಡವರೇ ಹೆಚ್ಚು. ಆದರೆ ಕ್ಯಾಲಿಫೋರ್ನಿಯಾದಲ್ಲಿ 1959ರಿಂದ 1967ರ ನಡುವೆ ಬಾಣಂತಿಯರಿಂದ ತೆಗೆದಿಟ್ಟ ರಕ್ತ ಇನ್ನೂ ಉಳಿದಿತ್ತು. ಬಾರ್ಬರಾ ಕೋನ್ ಮತ್ತು ಜೊತೆಗಾರರು 2007ರಲ್ಲಿ ಅದನ್ನು ಪರಿಶೀಲಿಸಿ, ಡಿಡಿಟಿ ಬಳಕೆಗೆ ಬಂದ 1945ರ ಹೊತ್ತಿಗೆ ಹದಿನಾಲ್ಕು ತುಂಬದಿದ್ದವರಲ್ಲಿ ಮಾತ್ರ, ರಕ್ತದಲ್ಲಿ ಡಿಡಿಟಿ ಹೆಚ್ಚಿದ್ದವರಿಗೆ ಐದು ಪಟ್ಟು ಅಪಾಯವಿತ್ತೆಂದು ತೋರಿಸಿದರು. ಸ್ತನ ಬೆಳೆಯುವ ವಯಸ್ಸಿಗೆ ಮೊದಲು ತಗುಲಿದ್ದೇ ಮುಖ್ಯವಾಗಿತ್ತು. ಐವತ್ತರ ವಯಸ್ಸಿನ ರಕ್ತದಲ್ಲಿ ಅದನ್ನು ಹುಡುಕಿದವರಿಗೆ ಸಿಗದೆ ಹೋದದ್ದು ಸಹಜ.

ಭಾರತದಲ್ಲಿ ಡಿಡಿಟಿಯ ಕೃಷಿ ಬಳಕೆ ನಿಂತದ್ದು 1989ರಲ್ಲಿ. ಧಾರವಾಡದಿಂದ 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿಗಳು ಬಂದು ಎರೆಭೂಮಿಯಲ್ಲಿ ಹಬ್ಬಿದ ಕಾಲದಲ್ಲಿ ಆ ಬಳಕೆ ಇನ್ನೂ ನಡೆದಿತ್ತು. ಹೈಬ್ರಿಡ್ ಹತ್ತಿಯ ಜೊತೆ ಸಿಂಪರಣೆಯ ಕೀಟನಾಶಕವೂ ಹೊಲಕ್ಕೆ ಬಂತು. ಆಗ ಲಂಗ ಉಟ್ಟು ಹತ್ತಿ ಬಿಡಿಸಿದ ಹುಡುಗಿಯರು ಈಗ ನಲವತ್ತು ದಾಟಿದ್ದಾರೆ. ಅವರ ಆಗಿನ ರಕ್ತ ಯಾರ ಬಳಿಯೂ ಇಲ್ಲ, ಈಗಿನ ರಕ್ತ ಆಗಿನ ಸಾಕ್ಷಿ ಪೂರ್ತಿ ಹೇಳದು.

ಇಷ್ಟರ ನಡುವೆ ಮಾರುಕಟ್ಟೆ ಕಾಯುವುದಿಲ್ಲ. ರಕ್ತದಿಂದ ಕ್ಯಾನ್ಸರ್ ತಿಳಿಯುವ ಪ್ಯಾಕೇಜುಗಳ ಜಾಹೀರಾತು ತಾಲ್ಲೂಕಿನ ಪೇಟೆಗಳಿಗೂ ಬಂದಿದೆ. ಅವುಗಳಲ್ಲಿ ಸಾಮಾನ್ಯವಾಗಿ ಇರುವ ಸಿಎ 15-3 ರೋಗ ಹರಡಿದವರ ಚಿಕಿತ್ಸೆಯ ಮೇಲೆ ಕಣ್ಣಿಡಲು ಬಳಸುವಂಥದು, ಆರೋಗ್ಯವಂತರಲ್ಲಿ ರೋಗ ಹುಡುಕಲು ಅದು ಬಾರದು. ಮೆಟಬೊಲೈಟ್ ಪರೀಕ್ಷೆ ನಾಳೆ ಬಂದರೂ ಲೆಕ್ಕದ ತೊಡಕು ಇದ್ದೇ ಇರುತ್ತದೆ. ಭಾರತದಲ್ಲಿ ವಯಸ್ಸಿಗೆ ಹೊಂದಿಸಿದ ಸ್ತನ ಕ್ಯಾನ್ಸರ್ ಪ್ರಮಾಣ ವರ್ಷಕ್ಕೆ ಲಕ್ಷಕ್ಕೆ ಸುಮಾರು 26. ಸುಲಭಕ್ಕಾಗಿ ಹತ್ತು ವರ್ಷಕ್ಕೆ ಲಕ್ಷ ಹೆಂಗಸರಲ್ಲಿ 250 ಎಂದುಕೊಳ್ಳಬಹುದು. ರೋಗ ಬರಲಿರುವ ನೂರರಲ್ಲಿ ಎಂಬತ್ತು ಜನರನ್ನು ಹಿಡಿಯುವ, ಬಾರದ ನೂರರಲ್ಲಿ ಹತ್ತು ಜನರನ್ನು ಮಾತ್ರ ತಪ್ಪಾಗಿ ಹಿಡಿಯುವ ಪರೀಕ್ಷೆಯೊಂದನ್ನು ಕಲ್ಪಿಸಿಕೊಂಡರೆ, ಅದು 250ರಲ್ಲಿ 200 ಜನರನ್ನು ಹಿಡಿಯುತ್ತದೆ. ಉಳಿದ 99,750 ಜನರಲ್ಲಿ 9,975 ಜನರಿಗೂ ಅಪಾಯವಿದೆಯೆಂದು ಹೇಳುತ್ತದೆ. ಚೀಟಿ ಹಿಡಿದು ಅಳುತ್ತ ಬಂದ ನೂರು ಹೆಂಗಸರಲ್ಲಿ ಇಬ್ಬರಿಗೆ ಮಾತ್ರ ಅದು ನಿಜ. ಅಪಾಯವನ್ನು ಶೇಕಡ ಹತ್ತಿಪ್ಪತ್ತು ಏರಿಸುವ ಅಣುಗಳಿಂದ ಇಷ್ಟು ಚುರುಕಿನ ಪರೀಕ್ಷೆ ಕಟ್ಟಲೂ ಆಗದು ಎಂಬುದು ಬೇರೆ ಮಾತು.

ಹಳ್ಳಿಗಳಲ್ಲಿ ರೋಗದ ಪ್ರಮಾಣ ಇನ್ನೂ ಕಡಿಮೆ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಿಂದ ನಡೆದಿರುವ, ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿಯ ಅಂಕಿಗಳು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿಗಿಂತ ಬಹಳ ಕೆಳಗಿವೆ. ಕಾರಣ ಗುಪ್ತವಲ್ಲ. 2002ರಲ್ಲಿ 30 ದೇಶಗಳ 47 ಅಧ್ಯಯನ ಕೂಡಿಸಿದ ಲೆಕ್ಕದ ಪ್ರಕಾರ ಒಂದೊಂದು ಹೆರಿಗೆಗೆ ಅಪಾಯ ಶೇಕಡ 7ರಷ್ಟು, ಮೊಲೆಯೂಡಿಸಿದ ಒಂದೊಂದು ವರ್ಷಕ್ಕೆ ಶೇಕಡ 4.3ರಷ್ಟು ಇಳಿಯುತ್ತದೆ. ಬೇಗ ಹೆತ್ತು, ಐದಾರು ಮಕ್ಕಳಿಗೆ ವರ್ಷಗಟ್ಟಲೆ ಹಾಲೂಡಿಸಿದ ತಲೆಮಾರಿಗೆ ಈ ರಕ್ಷಣೆ ತಾನಾಗಿ ಇತ್ತು, ಅದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಹೆಣ್ಣಿಗೊಬ್ಬಳಿಗೆ ಸರಾಸರಿ ಮಕ್ಕಳು 1.7. ಹಳ್ಳಿಯ ಪ್ರಮಾಣ ಪೇಟೆಯದರ ಕಡೆಗೆ ಏರುವುದು ಖಚಿತ, ಅದನ್ನು ತಿಳಿಯಲು ಯಾವ ಅಣುವನ್ನೂ ಅಳೆಯಬೇಕಿಲ್ಲ.

ಸದ್ಯಕ್ಕೆ ಕೈಯಲ್ಲಿರುವ ಸಾಧನ ಕೈಯೇ. 1998ರಲ್ಲಿ ಮುಂಬಯಿಯಲ್ಲಿ ಶುರುವಾದ ಪ್ರಯೋಗದಲ್ಲಿ 35ರಿಂದ 64 ವಯಸ್ಸಿನ 1,51,538 ಹೆಂಗಸರು ಸೇರಿದ್ದರು. ಅರ್ಧ ಭಾಗದ ವಸತಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ನಾಲ್ಕು ಸಲ ಎದೆ ಮುಟ್ಟಿ ಪರೀಕ್ಷಿಸಿದರು. ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಬಂತು. ರೋಗ ಇನ್ನಷ್ಟು ಮುಂಚಿನ ಹಂತದಲ್ಲಿ ಸಿಕ್ಕಿತು. ಐವತ್ತು ದಾಟಿದವರಲ್ಲಿ ಸಾವು ಹತ್ತಿರ ಹತ್ತಿರ ಶೇಕಡ 30ರಷ್ಟು ಇಳಿಯಿತು, ಅದಕ್ಕಿಂತ ಚಿಕ್ಕವರಲ್ಲಿ ಇಳಿಯಲಿಲ್ಲ. ಮೂವತ್ತು ದಾಟಿದವರನ್ನು ಐದು ವರ್ಷಕ್ಕೊಮ್ಮೆ ಹೀಗೆ ನೋಡಬೇಕೆಂದು ಸರಕಾರಿ ಮಾರ್ಗಸೂಚಿ 2016ರಿಂದ ಇದೆ. ಆದರೂ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆಯಾದವರು ಶೇಕಡ 0.9 ಮಾತ್ರ ಎಂದು ಅದೇ ಕುಟುಂಬ ಸಮೀಕ್ಷೆ ಹೇಳಿದೆ. 2022ರಲ್ಲಿ ಭಾರತದಲ್ಲಿ 1,92,020 ಹೊಸ ರೋಗಿಗಳು, 98,337 ಸಾವುಗಳೆಂಬ ಅಂದಾಜಿನ ಹಿಂದೆ ಈ ತಡವೂ ಇದೆ. ಎದೆಗಂಟು ಹೆಚ್ಚಾಗಿ ನೋಯುವುದಿಲ್ಲ, ನೋಯದ್ದನ್ನು ತೋರಿಸಲು ಸುಗ್ಗಿಯ ನಡುವೆ ಹುಬ್ಬಳ್ಳಿಗೋ ಬೆಳಗಾವಿಗೋ ಯಾರೂ ಹೊರಡುವುದಿಲ್ಲ.

ಹಾಗಾದರೆ ಮೆಟಬೊಲೈಟ್ ಸಂಶೋಧನೆ ಇಲ್ಲಿಗೆ ಬೇಡವೇ? ಬೇಕು, ಪರೀಕ್ಷೆಯಾಗಿ ಅಲ್ಲ, ಸಂಗ್ರಹವಾಗಿ. ಅದು ಈ ಜಿಲ್ಲೆಗೆ ಮೀರಿದ ಮಾತೂ ಅಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಿಸೊಪ್ರೊಸ್ಟಾಲ್ ಗುಳಿಗೆಯಿಂದ ಹೆರಿಗೆಯ ನಂತರದ ರಕ್ತಸ್ರಾವ ಶೇಕಡ 12ರಿಂದ 6.4ಕ್ಕೆ ಇಳಿದಿತ್ತು. ಗುಳಿಗೆ ಕೊಟ್ಟವರು ತಜ್ಞರಲ್ಲ, ಊರಿನ ನರ್ಸಬಾಯಿಯರು. ಗರ್ಭಿಣಿಯರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಗೆ ಮುನ್ನ ಹೆರಿಗೆ ಕಡಿಮೆಯಾಗುತ್ತದೆಂದು 2020ರಲ್ಲಿ ತೋರಿಸಿದ, ಆರು ದೇಶಗಳ 11,976 ಹೆಂಗಸರ ಪ್ರಯೋಗದಲ್ಲೂ ಬೆಳಗಾವಿ ಒಂದು ಕೇಂದ್ರವಾಗಿತ್ತು. ಹೆಂಗಸರನ್ನು ಮನೆಮನೆಗೆ ಹೋಗಿ ಒಪ್ಪಿಸಿ, ಲೆಕ್ಕ ತಪ್ಪದಂತೆ ಬರೆದಿಟ್ಟು, ಕೊನೆಯವರೆಗೆ ಬೆನ್ನುಹತ್ತುವ ಕಸುಬು ಇಲ್ಲಿ ಇದೆ. ಚಿಕಿತ್ಸೆಯ ಬದಿಯಲ್ಲೂ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಜೊತೆಗೆ, 2025ರ ಜನವರಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದ ಕೆಎಲ್ಇ ಕ್ಯಾನ್ಸರ್ ಆಸ್ಪತ್ರೆ ಬೆಳಗಾವಿಯಲ್ಲೇ ಬಂದಿದೆ.

ಕಠಿಣವಾದದ್ದು ಕಾಲಾವಧಿ. ಹೆರಿಗೆಯ ಅಧ್ಯಯನ ತಿಂಗಳುಗಳಲ್ಲಿ ಮುಗಿಯುತ್ತದೆ, ಇದಕ್ಕೆ ಹದಿನೈದು ವರ್ಷ ಬೇಕು. ಮೂವತ್ತು ದಾಟಿದ ಹೆಂಗಸು ಎದೆ ಪರೀಕ್ಷೆಗೆ ಬಂದ ದಿನವೇ ಸೊಂಟದ ಸುತ್ತಳತೆ, ಹೆತ್ತ ಮಕ್ಕಳು, ಹಾಲೂಡಿಸಿದ ತಿಂಗಳು, ಮನೆಯ ಎಣ್ಣೆ, ಕೊನೆಯ ಊಟದ ಹೊತ್ತು ಬರೆದುಕೊಂಡು ಎರಡು ಕೊಳವೆ ರಕ್ತ ತೆಗೆಯಬಹುದು. ಪರೀಕ್ಷೆಯ ಲಾಭ ಅವಳಿಗೆ ಅಂದೇ, ರಕ್ತದ ಲಾಭ ಅವಳ ಮಗಳ ಕಾಲಕ್ಕೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಕಣಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಬೇರ್ಪಡಿಸಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು, ಕರೆಂಟು ಹೋದಾಗ ಅದು ಏರದಂತೆ ಜನರೇಟರ್ ಬೇಕು. ಇವೆಲ್ಲ ದುಡ್ಡಿನಿಂದ ಆಗುವ ಕೆಲಸ. ದುಡ್ಡಿನಿಂದ ಆಗದ್ದು, ಗೋವೆಗೆ ದುಡಿಯಲು ಹೋದವಳನ್ನು, ಮಗನ ಬೆನ್ನಿಗೆ ಪುಣೆ ಸೇರಿದವಳನ್ನು ಹದಿನೈದು ವರ್ಷ ಕಣ್ಣಳತೆಯಲ್ಲಿ ಇಡುವುದು. ರೋಗ ಬಂದಾಗ ಅವರು ತೋರಿಸಿಕೊಳ್ಳುವುದು ಬೆಳಗಾವಿಯಲ್ಲೇ ಎಂದೇನಿಲ್ಲ. ಹುಬ್ಬಳ್ಳಿ, ಮಿರಜ, ಕೊಲ್ಲಾಪುರ, ಮುಂಬಯಿ ಎಲ್ಲಿಯಾದರೂ ಆದೀತು. ಒಂದು ಕಡೆ ತವರಿನ ಅಡ್ಡಹೆಸರು, ಇನ್ನೊಂದು ಕಡೆ ಗಂಡನ ಮನೆಯದು, ಮರಾಠಿ ಕಾಗದದಲ್ಲಿ ಮೂರನೆಯ ಬಗೆಯ ಕಾಗುಣಿತ. ಎರಡು ರಾಜ್ಯಗಳ ಆಸ್ಪತ್ರೆ ದಾಖಲೆಗಳಲ್ಲಿ ಅವಳು ಒಬ್ಬಳೇ ಎಂದು ಗುರುತಿಸುವ ವ್ಯವಸ್ಥೆಯನ್ನು ಮೊದಲ ಕೊಳವೆ ತುಂಬುವ ಮೊದಲೇ ಕಟ್ಟಿರಬೇಕು.